ಎಲ್ಲ ಗಾಯವೂ ಒಂದೇ ರೀತಿ ಮಾಯುವುದಿಲ್ಲ

ತರಕಾರಿ ಹೆಚ್ಚುವಾಗ ಬೆರಳು ಸ್ವಲ್ಪ ಕೊಯ್ದರೆ ಒಂದು ವಾರದಲ್ಲಿ ಗಾಯ ಮಾಯುತ್ತದೆ. ಕೈಯ ಮೂಳೆ ಮುರಿದರೆ ಆರು ವಾರ ಪ್ಲಾಸ್ಟರ್ ಹೊತ್ತುಕೊಂಡಿರಬೇಕು. ಮೊಣಕಾಲಿನ ಮೃದ್ವಸ್ಥಿ ಸವೆದರೆ ವರ್ಷಗಳು ಕಳೆದರೂ ಮೊದಲಿನಂತಾಗುವುದಿಲ್ಲ. ಹೃದಯಾಘಾತದಲ್ಲಿ ಸತ್ತ ಹೃದಯದ ಭಾಗವಂತೂ ಮರಳಿ ಬೆಳೆಯುವುದೇ ಇಲ್ಲ ಎನ್ನಬೇಕು. ಶರೀರ ಒಂದೇ, ಅದರಲ್ಲಿ ಹರಿಯುವ ರಕ್ತವೂ ಒಂದೇ. ಹಾಗಿದ್ದೂ ಈ ವ್ಯತ್ಯಾಸ ಯಾಕೆ? ಇದಕ್ಕೆ ಉತ್ತರ ನಮ್ಮ ಅಂಗಾಂಶಗಳಲ್ಲಿದೆ.

ಒಂದು ನಿರ್ದಿಷ್ಟ ಕೆಲಸಕ್ಕಾಗಿ ಒಟ್ಟುಗೂಡಿದ ಜೀವಕೋಶಗಳ ಸಮೂಹವನ್ನು ಅಂಗಾಂಶ ಎನ್ನುತ್ತಾರೆ. ಫ್ರಾನ್ಸಿನ ವೈದ್ಯ ಝೇವಿಯರ್ ಬಿಷಾ ಸೂಕ್ಷ್ಮದರ್ಶಕದ ನೆರವಿಲ್ಲದೆ, ಬರಿಗಣ್ಣಿನಿಂದಲೇ ಪರೀಕ್ಷಿಸಿ ಮನುಷ್ಯ ಶರೀರದಲ್ಲಿ 21 ಬಗೆಯ ಅಂಗಾಂಶಗಳಿವೆ ಎಂದು ವಿವರಿಸಿದ. 1802ರಲ್ಲಿ ಆತ ತೀರಿಕೊಂಡಾಗ ವಯಸ್ಸು ಕೇವಲ 30. ಇಂದು ವೈದ್ಯಶಾಸ್ತ್ರ ಇವನ್ನು ನಾಲ್ಕು ಮುಖ್ಯ ಗುಂಪುಗಳಾಗಿ ವಿಂಗಡಿಸುತ್ತದೆ.

ಅನುಲೇಪಕ ಅಂಗಾಂಶ

ಚರ್ಮದ ಹೊರಪದರ, ಬಾಯಿ, ಜಠರ ಮತ್ತು ಕರುಳಿನ ಒಳಗೋಡೆ, ರಕ್ತನಾಳಗಳ ಒಳಪದರ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಹೊದಿಕೆಯಂತೆ ಶರೀರವನ್ನು ಕಾಯುವ ಈ ಕೋಶಗಳು ಸದಾ ಸವೆಯುತ್ತಿರುತ್ತವೆ. ಆದ್ದರಿಂದ ಹೊಸ ಕೋಶಗಳ ಉತ್ಪಾದನೆ ಇವುಗಳ ದಿನನಿತ್ಯದ ಕೆಲಸ. ಕರುಳಿನ ಒಳಪದರ ಮೂರರಿಂದ ಐದು ದಿನಗಳಲ್ಲಿ, ಚರ್ಮದ ಹೊರಪದರ ಸುಮಾರು ಒಂದು ತಿಂಗಳಲ್ಲಿ ಹೊಸದಾಗುತ್ತದೆ.

ಆದರೆ ಇದಕ್ಕೂ ಮಿತಿಯಿದೆ. ಮೇಲುಮೇಲಿನ ಸುಟ್ಟಗಾಯದಲ್ಲಿ ಕೂದಲ ಬುಡದಲ್ಲಿ ಉಳಿದ ಕೋಶಗಳಿಂದ ಹೊಸ ಚರ್ಮ ಹುಟ್ಟುತ್ತದೆ. ಆಳವಾಗಿ ಸುಟ್ಟಾಗ ಆ ಬುಡವೇ ನಾಶವಾಗುತ್ತದೆ. ಆಗ ಗಾಯದ ಅಂಚಿನಿಂದ ಮಾತ್ರ ಚರ್ಮ ಬೆಳೆಯಬೇಕು. ಗಾಯ ದೊಡ್ಡದಾದರೆ ಬೇರೆ ಕಡೆಯ ಚರ್ಮ ತೆಗೆದು ಕಸಿ ಮಾಡದೆ ಗತಿಯಿಲ್ಲ. ಅಡುಗೆಮನೆಯಲ್ಲಿ ಸುಟ್ಟರೆ ಬಳೆ, ಉಂಗುರ ತೆಗೆದು, ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಶಾಖ ಒಳಕ್ಕಿಳಿಯುವುದು ಇದರಿಂದ ಕಡಿಮೆಯಾಗುತ್ತದೆ. ಟೂತ್‌ಪೇಸ್ಟ್, ಕಾಫಿಪುಡಿ, ಮಂಜುಗಡ್ಡೆ ಯಾವುದೂ ಬೇಡ.

ಸಂಯೋಜಕ ಅಂಗಾಂಶ

ಮೂಳೆ, ಮೃದ್ವಸ್ಥಿ, ಸ್ನಾಯುರಜ್ಜು, ಕೊಬ್ಬು, ಅಷ್ಟೇಕೆ, ರಕ್ತ ಕೂಡಾ ಈ ಗುಂಪಿನದ್ದೇ. ಅಂಗಗಳನ್ನು ಜೋಡಿಸುವುದು, ಆಧಾರ ಕೊಡುವುದು ಇವುಗಳ ಹೊಣೆ. ಇಲ್ಲಿ ವಾಸಿಯಾಗುವ ವೇಗ ಬಹುಮಟ್ಟಿಗೆ ರಕ್ತ ಪೂರೈಕೆಯನ್ನು ಅವಲಂಬಿಸಿದೆ. ಮೂಳೆಗೆ ಧಾರಾಳ ರಕ್ತ ಸಿಗುತ್ತದೆ. ಹಾಗಾಗಿ ಮುರಿದ ಮೂಳೆ ನಿಜವಾದ ಮೂಳೆಯಿಂದಲೇ ಕೂಡಿಕೊಳ್ಳುತ್ತದೆ. ಸ್ನಾಯುರಜ್ಜುವಿಗೆ ರಕ್ತ ಕಡಿಮೆ, ಆದ್ದರಿಂದ ಅದು ನಿಧಾನ. ಮೃದ್ವಸ್ಥಿಗೆ ರಕ್ತನಾಳಗಳೇ ಇಲ್ಲ. ಕೀಲಿನೊಳಗಿನ ದ್ರವದಿಂದ ಅದು ಆಹಾರ ಹೀರಿಕೊಳ್ಳುತ್ತದೆ, ನಡೆದಾಡುವಾಗ ಬೀಳುವ ಒತ್ತಡ ಇದಕ್ಕೆ ನೆರವಾಗುತ್ತದೆ. ಮೊಣಕಾಲು ನೋವೆಂದು ಸದಾ ಕುಳಿತೇ ಇರುವುದು ಒಳ್ಳೆಯದಲ್ಲವೆಂದು ವೈದ್ಯರು ಹೇಳುವುದು ಇದಕ್ಕೇ.

ಈ ಅಂಗಾಂಶದ ಮುಖ್ಯ ನಾರು ಕೊಲಾಜೆನ್ ಎಂಬ ಪ್ರೊಟೀನ್. ಅದು ಗಟ್ಟಿಯಾಗಿ ರೂಪುಗೊಳ್ಳಲು ವಿಟಮಿನ್ ಸಿ ಬೇಕು. ನೆಲ್ಲಿಕಾಯಿ, ಪೇರಳೆ, ಲಿಂಬೆಯಲ್ಲಿ ಇದು ಹೇರಳ. ಧೂಮಪಾನ ಮಾಡುವವರಲ್ಲಿ ಮತ್ತು ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಗಾಯವೂ ಮುರಿದ ಮೂಳೆಯೂ ತಡವಾಗಿ ಕೂಡುತ್ತವೆ.

ಸ್ನಾಯು ಅಂಗಾಂಶ

ಸ್ನಾಯುಗಳಲ್ಲಿ ಮೂರು ವಿಧ. ಕೈಕಾಲು ಆಡಿಸುವ ಸ್ನಾಯುಗಳ ಜೊತೆಗೆ ದುರಸ್ತಿಗೆಂದೇ ಮೀಸಲಾದ ಕೋಶಗಳಿವೆ. ಸಣ್ಣಪುಟ್ಟ ಪೆಟ್ಟನ್ನು ಅವು ಸರಿಪಡಿಸುತ್ತವೆ. ಕರುಳು, ಗರ್ಭಕೋಶದ ಗೋಡೆಯಲ್ಲಿರುವುದು ನಯವಾದ ಸ್ನಾಯು. ಸಾಮಾನ್ಯವಾಗಿ 60-70 ಗ್ರಾಂ ತೂಗುವ ಗರ್ಭಕೋಶ ಹೆರಿಗೆಯ ಹೊತ್ತಿಗೆ ಸುಮಾರು ಒಂದು ಕಿಲೋ ಆಗುತ್ತದೆ ಎಂದರೆ ಈ ಸ್ನಾಯುವಿನ ಸಾಮರ್ಥ್ಯವನ್ನು ಊಹಿಸಬಹುದು.

ಮೂರನೆಯದು ಹೃದಯದ ಸ್ನಾಯು. ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿಯುವ ಅದಕ್ಕೆ ತನ್ನನ್ನು ತಾನು ಹೊಸದಾಗಿಸುವ ಶಕ್ತಿ ತೀರಾ ಕಡಿಮೆ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ವಿಜ್ಞಾನಿಗಳು 2009ರಲ್ಲಿ ಇದನ್ನು ಲೆಕ್ಕ ಹಾಕಿದರು. ಹಿಂದೆ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣ ಸೇರಿ, ಮನುಷ್ಯರ ಕೋಶಗಳಲ್ಲೂ ಉಳಿದ ಇಂಗಾಲ-14ರ ಆಧಾರದಿಂದ ಅವರು ಹೃದಯದ ಕೋಶಗಳ ವಯಸ್ಸು ಕಂಡುಹಿಡಿದರು. 25ರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಶೇ. 1ರಷ್ಟು, 75ರಲ್ಲಿ ಶೇ. ಅರ್ಧಕ್ಕಿಂತಲೂ ಕಡಿಮೆ ಕೋಶಗಳು ಮಾತ್ರ ಹೊಸದಾಗುತ್ತವೆ. ಆದ್ದರಿಂದ ಹೃದಯಾಘಾತದಲ್ಲಿ ಸತ್ತ ಸ್ನಾಯುವಿನ ಜಾಗದಲ್ಲಿ ಬರೀ ಕಲೆ ಉಳಿಯುತ್ತದೆ. ಆ ಕಲೆ ಬಡಿಯುವುದಿಲ್ಲ.

ಎದೆ ಹಿಂಡಿದಂತಾದಾಗ ‘ಗ್ಯಾಸ್ ಇರಬೇಕು’ ಎಂದು ಸೋಡಾ ಕುಡಿದು ಬೆಳಗಿನವರೆಗೆ ಕಾಯುವವರು ಇದನ್ನು ನೆನಪಿಡಬೇಕು. ಹೆಂಗಸರಲ್ಲಿ ಎದೆನೋವಿಗಿಂತ ಉಸಿರು ಕಟ್ಟುವುದು, ವಾಕರಿಕೆ, ದವಡೆ ಅಥವಾ ಬೆನ್ನುನೋವು, ವಿಪರೀತ ಸುಸ್ತು ಮುಖ್ಯವಾಗಿ ಕಾಣಿಸಬಹುದು. ಕೆಲಸ ಮುಗಿಯಲಿ ಎಂದು ಕಾಯಬೇಡಿ.

ನರ ಅಂಗಾಂಶ

ಮಿದುಳು, ಬೆನ್ನುಹುರಿ ಮತ್ತು ನರಗಳು ಸಂದೇಶ ಸಾಗಿಸುತ್ತವೆ. ಕೈಕಾಲಿನ ನರ ತುಂಡಾಗಿ, ಹೊಲಿಗೆ ಹಾಕಿ ಜೋಡಿಸಿದರೆ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಮಣಿಕಟ್ಟಿನಿಂದ ಬೆರಳ ತುದಿಗೆ ತಲುಪಲು ತಿಂಗಳುಗಳೇ ಬೇಕು. ಆದರೆ ಮಿದುಳು ಮತ್ತು ಬೆನ್ನುಹುರಿಯ ನರತಂತುಗಳು ಹಾಗೆ ಮರಳಿ ಬೆಳೆಯುವುದಿಲ್ಲ. ಪಾರ್ಶ್ವವಾಯುವಿನಲ್ಲಿ ಮಿದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡರೆ, ಚಿಕಿತ್ಸೆಯಿಲ್ಲದ ಪ್ರತಿ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆಂದು 2006ರಲ್ಲಿ ಅಂದಾಜಿಸಲಾಗಿದೆ.

ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋತು ಬೀಳುವುದು, ಮಾತು ತೊದಲುವುದು ಇದರ ಲಕ್ಷಣಗಳು. ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಆದ್ದರಿಂದ ಎಣ್ಣೆ ತಿಕ್ಕುತ್ತಾ ಕೂರದೆ, ಲಕ್ಷಣ ಶುರುವಾದ ಸಮಯ ಗುರುತಿಟ್ಟುಕೊಂಡು, 108ಕ್ಕೆ ಕರೆ ಮಾಡಿ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೇ ಕರೆದೊಯ್ಯಿರಿ. ನುಂಗಲು ಕಷ್ಟವಾಗಿರಬಹುದು, ಹಾಗಾಗಿ ನೀರು, ಆಹಾರ ಕೊಡಬೇಡಿ.

ಬೆರಳ ಗಾಯಕ್ಕೆ ನಾವು ನಿಶ್ಚಿಂತೆಯಿಂದ ಕಾಯಬಹುದು, ಮುರಿದ ಮೂಳೆಗೆ ತಾಳ್ಮೆಯಿಂದ ಕಾಯಬೇಕು. ಹೃದಯ ಮತ್ತು ಮಿದುಳಿನ ವಿಷಯದಲ್ಲಿ ಮಾತ್ರ ಕಾಯುವಂತೆಯೇ ಇಲ್ಲ. ಮನೆಯ ಹಿರಿಯರಿಗೂ ಶಾಲೆಗೆ ಹೋಗುವ ಮಕ್ಕಳಿಗೂ ಈ ವ್ಯತ್ಯಾಸವನ್ನು ತಿಳಿಸಿಡಿ.