ಹಿಮದಡಿಯ ಡಬ್ಬಿ

ಡಿಸೆಂಬರ್ ಬಂತೆಂದರೆ ನಮ್ಮ ಜಮಖಂಡಿ ಕಡೆ ಪೆಟ್ಟಿಗೆಯಲ್ಲಿದ್ದ ಕೌದಿಗಳು ಹೊರಬರುತ್ತವೆ. ಫಜ್ರ್‌ಗೆ ಎದ್ದವರು ವುಝೂ ಮಾಡಲು ನೀರಿಗೆ ಕೈ ಹಾಕಿ ಒಮ್ಮೆ ‘ಹಾ’ ಎನ್ನುತ್ತಾರೆ. ಹೊತ್ತೇರಿದರೆ ಬಿಸಿಲು ಬಂದು ಎಲ್ಲವೂ ಸರಿಯಾಗುತ್ತದೆ. ನಮ್ಮ ಚಳಿ ಅಷ್ಟೇ. ಇಂಥ ಊರಲ್ಲಿ ಬೆಳೆದ ನನ್ನ ಅಕ್ಕನ ಮಗಳು ಗಂಡನ ನೌಕರಿಯ ನಿಮಿತ್ತ ಇಬ್ಬರು ಮಕ್ಕಳೊಂದಿಗೆ ಕೆನಡಾದ ಎಡ್ಮಂಟನ್ ನಗರಕ್ಕೆ ಹೋದಳು. ಅಲ್ಲಿ ಚಳಿಗಾಲದ ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಅಪರೂಪವಲ್ಲ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಹುಟ್ಟುವುದು ಸುಮಾರು ಪೌಣೆ ಒಂಬತ್ತಕ್ಕೆ, ಮುಳುಗುವುದು ನಾಲ್ಕೂಕಾಲಿಗೆ.

ಒಂದು ದಿನ ಅವಳ ಫೋನ್ ಬಂತು. ಧ್ವನಿಯಲ್ಲಿ ಖುಷಿಯಿತ್ತು. “ಖಾಲಾ, ಇವತ್ತು ಮಕ್ಕಳೊಂದಿಗೆ ಹಿಮ ಸರಿಸಿ ಒಂದು ಡಬ್ಬಿ ಹುಡುಕಿದೆವು!” ಎಂದಳು. ಡಬ್ಬಿಯಲ್ಲಿ ಏನಿತ್ತು ಎಂದು ಕೇಳಿದೆ. “ಒಂದು ಪುಟ್ಟ ಪುಸ್ತಕ, ಪೆನ್ಸಿಲ್, ಒಂದು ಆಟಿಕೆ ಕಾರು.” ನನಗೆ ಸಿಟ್ಟು ಬಂತು. “ಎರಡು ಮಕ್ಕಳ ತಾಯಿ ನೀನು. ಅಂಥ ಚಳಿಯಲ್ಲಿ ಡಬ್ಬಿ ಹುಡುಕಿಕೊಂಡು ಅಲೆಯುವುದು ಶೋಭೆಯೇ? ಆ ಸಮಯದಲ್ಲಿ ಎರಡು ಪುಟ ಕುರ್‌ಆನ್ ಓದಬಾರದಿತ್ತೇ?” ಎಂದುಬಿಟ್ಟೆ. ಅವಳು ಸಲಾಮ್ ಹೇಳಿ ಫೋನ್ ಇಟ್ಟಳು. ಎರಡು ವಾರ ಅವಳ ಸುದ್ದಿಯೇ ಇರಲಿಲ್ಲ.

ಆಮೇಲೆ ಅಕ್ಕ ಹೇಳಿದ ಮಾತು ಕೇಳಿ ನನ್ನ ನಾಲಿಗೆಯ ಬಗ್ಗೆ ನನಗೇ ನಾಚಿಕೆಯಾಯಿತು. ಆ ಹುಡುಗಿ ಎರಡು ತಿಂಗಳಿಂದ ಮನೆಯ ಹೊಸ್ತಿಲು ದಾಟಿರಲಿಲ್ಲವಂತೆ. ಗಂಡ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಿದ್ದ. ಅವಳು ಪರದೆ ಎಳೆದು ಅಳುತ್ತ ಕೂರುತ್ತಿದ್ದಳು. ಪಕ್ಕದ ಮನೆಯ ಹೆಂಗಸು ಒತ್ತಾಯ ಮಾಡಿ ಅವಳನ್ನೂ ಮಕ್ಕಳನ್ನೂ ಈ ಆಟಕ್ಕೆ ಕರೆದೊಯ್ದಿದ್ದಳು. ಆ ದಿನ ರಾತ್ರಿ ಅವಳು ಹೊಟ್ಟೆ ತುಂಬ ಊಟ ಮಾಡಿ ನಿದ್ರಿಸಿದ್ದಳು. ಆ ಸಂತೋಷ ಹಂಚಿಕೊಳ್ಳಲು ನನಗೆ ಫೋನ್ ಮಾಡಿದ್ದಳು.

ನಾನು ಕ್ಷಮೆ ಕೇಳಿದೆ. ಬಳಿಕ ಈ ಆಟವನ್ನು ಸರಿಯಾಗಿ ತಿಳಿದುಕೊಂಡೆ. ಇದರ ಹೆಸರು ಜಿಯೋಕ್ಯಾಶಿಂಗ್. ಉಪಗ್ರಹಗಳ ಮೂಲಕ ನಾವಿರುವ ಸ್ಥಳ ತೋರಿಸುವ ಜಿಪಿಎಸ್ ಸಂಕೇತವನ್ನು ಅಮೆರಿಕಾ ಸರಕಾರ ಸಾಮಾನ್ಯ ಜನರಿಗೆ ಬೇಕೆಂದೇ ಮಸುಕಾಗಿ ಕೊಡುತ್ತಿತ್ತು. 2000ನೇ ಇಸವಿಯ ಮೇ ಆರಂಭದಲ್ಲಿ ಅದನ್ನು ನಿಲ್ಲಿಸಿತು. ಮೇ 3ರಂದು ಡೇವ್ ಅಲ್ಮರ್ ಎಂಬವರು ಒರೆಗಾನ್ ರಾಜ್ಯದ ಕಾಡೊಂದರಲ್ಲಿ ಒಂದು ಬಕೆಟ್ ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶಗಳನ್ನು ಜಾಹೀರುಪಡಿಸಿದರು. ಹುಡುಕಿದವರು ಪುಸ್ತಕದಲ್ಲಿ ಹೆಸರು ಬರೆಯಬೇಕು. ಏನಾದರೂ ತೆಗೆದುಕೊಂಡರೆ ಏನಾದರೂ ಇಡಬೇಕು. ಇಂದು ಜಗತ್ತಿನಾದ್ಯಂತ ಇಂಥ 30 ಲಕ್ಷಕ್ಕೂ ಹೆಚ್ಚು ಡಬ್ಬಿಗಳಿವೆ.

ಅವಳು ನನ್ನಲ್ಲಿ ಎರಡು ಪ್ರಶ್ನೆ ಕೇಳಿದಳು. ಮೊದಲನೆಯದು, ಇದು ಜೂಜಿನಂತೆ ಆಗುವುದಿಲ್ಲವೇ? ಇಲ್ಲಿ ಪಣವಿಲ್ಲ, ಒಬ್ಬರ ನಷ್ಟದಿಂದ ಇನ್ನೊಬ್ಬರ ಲಾಭವೂ ಇಲ್ಲ. ಬಿದ್ದು ಸಿಕ್ಕ ವಸ್ತುವಿಗೆ ಫಿಕ್‌ಹ್‌ನಲ್ಲಿ ಲುಕ್ತಾ ಎನ್ನುತ್ತಾರೆ. ಅದನ್ನು ಒಂದು ವರ್ಷ ಸಾರಿ ಹೇಳಿ ಒಡೆಯನನ್ನು ಹುಡುಕಬೇಕು. ಆದರೆ ಈ ಡಬ್ಬಿ ಕಳೆದುಹೋದದ್ದಲ್ಲ, ಒಡೆಯ ಮನಃಪೂರ್ವಕ ಇಟ್ಟದ್ದು. ತೆಗೆದುಕೊಂಡದ್ದಕ್ಕೆ ಸಮನಾದ ಅಥವಾ ಅದಕ್ಕಿಂತ ಒಳ್ಳೆಯ ವಸ್ತು ಇಡುವುದು ಆಟದ ಶಿಷ್ಟಾಚಾರ. ನಾವು ಮಕ್ಕಳಿಗೆ ಕಲಿಸಬೇಕೆನ್ನುವ ಅಮಾನತ್ ಇದೇ ಅಲ್ಲವೇ? ಈ ಆಟದವರು 2002ರಿಂದ ಡಬ್ಬಿ ಹುಡುಕಲು ಹೋದಲ್ಲಿ ಕಸ ಹೆಕ್ಕಿ ತರುವ ರೂಢಿಯನ್ನೂ ಬೆಳೆಸಿದ್ದಾರೆ. ದಾರಿಯಿಂದ ತೊಂದರೆ ಕೊಡುವ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆ ಎಂದು ಪ್ರವಾದಿ(ಸ) ಕಲಿಸಿದ್ದನ್ನು ನಾವು ಬಲ್ಲೆವು.

ಎರಡನೆಯದು ನಮಾಝಿನ ಪ್ರಶ್ನೆ. ಅಲ್ಲಿ ಚಳಿಗಾಲದಲ್ಲಿ ಝುಹರ್, ಅಸ್ರ್, ಮಗ್ರಿಬ್ ಒಂದರ ಹಿಂದೊಂದು ಬಂದುಬಿಡುತ್ತವೆ. ಹೊರಗೆ ಹೋದವರು ಕಾಲು ಬಿಚ್ಚಿ ತೊಳೆಯುವುದು ಹೇಗೆ? ಶರೀಅತ್ ಇದಕ್ಕೆ ಮೊದಲೇ ಸುಲಭ ಮಾಡಿದೆ. ವುಝೂ ಇರುವಾಗ ತೊಟ್ಟ ಚರ್ಮದ ಮೋಜಾದ ಮೇಲೆ ಒದ್ದೆ ಕೈಯಿಂದ ಸವರಿದರೆ ಸಾಕು. ಊರಲ್ಲಿರುವವರಿಗೆ ಒಂದು ಹಗಲು ಒಂದು ರಾತ್ರಿ, ಪ್ರಯಾಣಿಕರಿಗೆ ಮೂರು ಹಗಲು ಮೂರು ರಾತ್ರಿಯವರೆಗೆ ಈ ಸೌಲಭ್ಯವಿದೆ. ನಮ್ಮ ಬಿಸಿಲೂರಿನ ಮದ್ರಸಾದಲ್ಲಿ ಈ ಪಾಠವನ್ನು ನಾವು ಬಾಯಿಪಾಠ ಮಾಡಿದ್ದೆವು. ಅದು ಯಾರಿಗೆ ಬೇಕಾದೀತೆಂದು ಆಗ ಹೊಳೆದಿರಲಿಲ್ಲ.

ಕಿಬ್ಲದ ವಿಷಯ ಇನ್ನೂ ಸ್ವಾರಸ್ಯಕರ. ನಮಗೆ ಕಿಬ್ಲ ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿದೆ. ಎಡ್ಮಂಟನ್‌ನಲ್ಲಿ ಅದು ಉತ್ತರಕ್ಕೆ, ತುಸು ಪೂರ್ವಕ್ಕೆ ವಾಲಿದೆ! ಭೂಮಿ ಗುಂಡಾಗಿರುವುದರಿಂದ ಅತಿ ಹತ್ತಿರದ ದಾರಿ ಉತ್ತರದ ಮೇಲಿಂದ ಹಾಯುತ್ತದೆ. ಸಾವಿರ ವರ್ಷಗಳ ಹಿಂದೆಯೇ ಅಲ್‌ಬಿರೂನಿಯವರು ಊರುಗಳ ಅಕ್ಷಾಂಶ, ರೇಖಾಂಶಗಳನ್ನು ಲೆಕ್ಕ ಹಾಕಿ ಘಝ್ನಿ ಪಟ್ಟಣದ ಕಿಬ್ಲ ನಿರ್ಧರಿಸಿ ಗ್ರಂಥ ಬರೆದಿದ್ದಾರೆ. ಡಬ್ಬಿ ಹುಡುಕುವ ಮಕ್ಕಳ ಕೈಯಲ್ಲಿರುವ ಸಂಖ್ಯೆಗಳು ನಮಗೆ ಪರಕೀಯವಲ್ಲ.

ಚಳಿ ದೇಶಗಳಲ್ಲಿ ಮಕ್ಕಳು, ಮೊಮ್ಮಕ್ಕಳು ಇರುವ ತಾಯಂದಿರಿಗಾಗಿ ಅವಳು ಹೇಳಿದ ಕೆಲವು ಎಚ್ಚರಿಕೆಗಳನ್ನು ಬರೆಯುತ್ತೇನೆ. ಬನಹಟ್ಟಿಯ ಹತ್ತಿ ಬಟ್ಟೆ ನಮ್ಮ ಬಿಸಿಲಿಗೆ ಹಿತ, ಹಿಮಕ್ಕಲ್ಲ. ಬೆವರಿಗೆ ಒದ್ದೆಯಾದ ಹತ್ತಿ ಮೈಯ ಕಾವನ್ನು ಹೀರಿಬಿಡುತ್ತದೆ. ಒಳಗೆ ಉಣ್ಣೆ, ಮೇಲೆ ಗಾಳಿ ತಡೆಯುವ ಅಂಗಿ, ಹೀಗೆ ಕೌದಿಯಂತೆ ಪದರ ಪದರವಾಗಿ ಉಡಬೇಕು. ಮೊಬೈಲ್ ಬ್ಯಾಟರಿ ಚಳಿಗೆ ಬೇಗ ಸೋಲುತ್ತದೆ. ಅಂಗಿಯೊಳಗೆ ಮೈಗೆ ತಾಗಿಸಿ ಇಡಬೇಕು. ಪೆನ್ನಿನ ಶಾಯಿ ಗಟ್ಟಿಯಾಗುವುದರಿಂದ ಪೆನ್ಸಿಲ್ ಒಯ್ಯಬೇಕು. ಹೆಪ್ಪುಗಟ್ಟಿದ ಕೆರೆಯ ಮೇಲೆ ಕಾಲಿಡಬಾರದು. ಮಂಜುಗಡ್ಡೆಗೆ ಅಂಟಿದ ಡಬ್ಬಿಯನ್ನು ಕಿತ್ತು ಒಡೆಯದೆ ಬಿಟ್ಟು ಬರಬೇಕು. ಎಲ್ಲಿಗೆ ಹೋಗುತ್ತೇವೆ, ಯಾವಾಗ ಬರುತ್ತೇವೆ ಎಂದು ಮನೆಯಲ್ಲಿ ಹೇಳಿಯೇ ಹೋಗಬೇಕು.

ಕಳೆದ ಚಳಿಗಾಲದಲ್ಲಿ ಮುಧೋಳದ ಬಳಿ ನಮ್ಮ ನೆಂಟರ ಹೊಲದಲ್ಲಿ ಹನ್ನೊಂದು ಹುಡುಗಿಯರಿಗೆ ನಾನೂ ಈ ಆಟ ಆಡಿಸಿದೆ. ಮೊದಲು ನಕ್ಷೆ ಹಾಸಿ ಕೂತೆವು. ಜಮಖಂಡಿಯಿಂದ ಮುಧೋಳ ಹೆಚ್ಚುಕಡಿಮೆ ನೇರ ದಕ್ಷಿಣಕ್ಕಿದೆ, ಮುಧೋಳದಿಂದ ಬೀಳಗಿ ಪೂರ್ವಕ್ಕಿದೆ, ರಬಕವಿ-ಬನಹಟ್ಟಿ ಜಮಖಂಡಿಯ ಪಶ್ಚಿಮಕ್ಕಿದೆ. ಬಸ್ಸಿನಲ್ಲಿ ನೂರು ಸಲ ಓಡಾಡಿದ ಹುಡುಗಿಯರಿಗೂ ಇದು ತಿಳಿದಿರಲಿಲ್ಲ. ಮೊಬೈಲ್ ಅವರನ್ನು ನಾಲ್ಕೈದು ಮೀಟರಿನ ಸಮೀಪ ತಂದು ನಿಲ್ಲಿಸಿತು. ಅಲ್ಲಿಂದ ಮುಂದೆ ಕಣ್ಣು ಮತ್ತು ಬುದ್ಧಿಯ ಕೆಲಸ. ತರಗತಿಯಲ್ಲಿ ಎಂದೂ ಬಾಯಿ ಬಿಡದ ಒಬ್ಬಳು, ಒಂದು ಕಲ್ಲಿನ ಹಸಿ ಮಗ್ಗುಲು ಮೇಲಾಗಿರುವುದನ್ನು ಕಂಡು ಅದನ್ನು ಸರಿಸಿದಳು. ಸ್ಟೀಲ್ ಡಬ್ಬಿ ಸಿಕ್ಕಿತು. ಆಮೇಲೆ ಎಲ್ಲರೂ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಮಹಾಲಿಂಗಪುರದ ಬೆಲ್ಲ ತಿಂದೆವು.

ಆದರೆ ಒಂದು ಮಾತು. ಇದನ್ನು ಸ್ವಂತ ಹೊಲ, ಶಾಲೆಯ ಅಂಗಳದಂಥ ಕಡೆ ಮಾತ್ರ, ಒಡೆಯರ ಅನುಮತಿ ಪಡೆದು ಆಡಿಸಿ. ಬಸ್ ನಿಲ್ದಾಣ, ಸಂತೆ, ಪ್ರಾರ್ಥನಾ ಸ್ಥಳಗಳ ಹತ್ತಿರ ಡಬ್ಬಿ ಇಡಲೇಬೇಡಿ. ವಾರಸುದಾರರಿಲ್ಲದ ವಸ್ತು ಮುಟ್ಟಬೇಡಿ ಎಂದು ನಾವೇ ಮಕ್ಕಳಿಗೆ ಕಲಿಸಿದ್ದೇವೆ. ಜನ ಗಾಬರಿಯಾದರೆ ಮಕ್ಕಳ ಆಟವನ್ನು ಯಾರೂ ಆಟವೆಂದು ನಂಬುವುದಿಲ್ಲ. ಹಳೆಯ ಕಟ್ಟಡಗಳ ಬಳಿ ನೆಲ ಅಗೆದರೆ ನಿಧಿ ತೆಗೆಯುತ್ತಾರೆಂಬ ಮಾತು ಹುಟ್ಟುತ್ತದೆ. ನೆಲ ಅಗೆಯಬಾರದೆಂಬುದು ಜಿಯೋಕ್ಯಾಶಿಂಗ್‌ನ ನಿಯಮವೂ ಹೌದು. ಕಬ್ಬು ಕಡಿಯುವ ಕಾಲವಾದ್ದರಿಂದ ಟ್ರ್ಯಾಕ್ಟರುಗಳ ದಾರಿಗೆ ಮಕ್ಕಳನ್ನು ಬಿಡಬೇಡಿ.

ಎಡ್ಮಂಟನ್ ಬಗ್ಗೆ ಇನ್ನೊಂದು ವಿಷಯ ಹೇಳಬೇಕು. ಕೆನಡಾದ ಮೊದಲ ಮಸೀದಿ ಅಲ್ ರಶೀದ್ ತೆರೆದದ್ದು ಅಲ್ಲಿಯೇ, 1938ರ ಡಿಸೆಂಬರ್‌ನಲ್ಲಿ. ಲೆಬನಾನಿನಿಂದ ಬಂದು ನೆಲೆಸಿದ್ದ ಹಿಲ್ವಿ ಹಮ್ದಾನ್ ಎಂಬ ಮಹಿಳೆ ನಗರದ ಮೇಯರ್ ಬಳಿ ಹೋಗಿ ಜಾಗ ಕೇಳಿದರು. ಬಡತನದ ಆ ದಿನಗಳಲ್ಲಿ ಸಂಗಡಿಗರೊಂದಿಗೆ ಅಂಗಡಿ ಅಂಗಡಿ ಸುತ್ತಿ, ಎಲ್ಲ ಧರ್ಮದವರಿಂದಲೂ ಹಣ ಕೂಡಿಸಿದರು. ಅವರ ಹೆಸರಿನ ಶಾಲೆಯೂ ಆ ನಗರದಲ್ಲಿದೆ. ಹಳೆಯ ಮಸೀದಿಯನ್ನು ಫೋರ್ಟ್ ಎಡ್ಮಂಟನ್ ಪಾರ್ಕ್‌ಗೆ ಸ್ಥಳಾಂತರಿಸಿ ಕಾಪಾಡಿದ್ದಾರೆ. ಅವರೂ ಒಮ್ಮೆ ಆ ಹಿಮದಲ್ಲಿ ಪರದೇಶಿಯಾಗಿದ್ದವರೇ. ಇದನ್ನು ಅಕ್ಕನ ಮಗಳಿಗೆ ಹೇಳಿದೆ. “ಮಕ್ಕಳನ್ನು ಕರೆದುಕೊಂಡು ನೋಡಿ ಬರುತ್ತೇನೆ ಖಾಲಾ” ಎಂದಳು.

ಸಹೋದರಿಯರೇ, ದೂರದಲ್ಲಿರುವ ಹೆಣ್ಣುಮಕ್ಕಳು ಫೋನ್ ಮಾಡಿದಾಗ ನಾವು ಉಂಡೆಯಾ, ನಮಾಝ್ ಮಾಡಿದೆಯಾ ಎಂದು ಕೇಳುತ್ತೇವೆ. ಅದರ ಜೊತೆಗೆ, ಇವತ್ತು ಹೊರಗೆ ಹೋಗಿದ್ದೆಯಾ, ಯಾರೊಂದಿಗಾದರೂ ಮಾತಾಡಿದೆಯಾ ಎಂದೂ ಕೇಳೋಣ. ಉಪದೇಶ ಮಾಡುವ ಮೊದಲು ಅವರ ಮಾತು ಪೂರ್ತಿ ಕೇಳೋಣ. ಪರವೂರಿನ ಚಳಿಯಲ್ಲಿರುವ ನಮ್ಮೆಲ್ಲರ ಮಕ್ಕಳನ್ನು ಅಲ್ಲಾಹನು ಕಾಪಾಡಲಿ. ಆಮೀನ್.