ಎರಡು ವರ್ಷದ ಅನುಭವ ಎಲ್ಲಿಂದ ತರಬೇಕು?

ಪಿಯುಸಿ ಪರೀಕ್ಷೆ ಮುಗಿದ ಕೂಡಲೇ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಂಪ್ಯೂಟರ್ ಸೆಂಟರುಗಳು ತುಂಬುತ್ತವೆ. ಮೊದಲೆಲ್ಲ ಬೋರ್ಡಿನ ಮೇಲೆ ಡಿಸಿಎ, ಡಿಟಿಪಿ, ಟ್ಯಾಲಿ ಎಂದಿರುತ್ತಿತ್ತು. ಈಗ ಅದರ ಕೆಳಗೆ ಪೈಥಾನ್, ಕ್ಲೌಡ್, ಸೈಬರ್ ಸೆಕ್ಯುರಿಟಿ ಸೇರಿಕೊಂಡಿವೆ. ತೊಗರಿ ಮಾರಿದ ದುಡ್ಡಿನಲ್ಲಿ ಫೀ ಕಟ್ಟಲು ಬಂದ ತಂದೆ ಕೇಳುವುದು ಒಂದೇ ಮಾತು: “ಸರ, ಈ ಸರ್ಟಿಫಿಕೇಟ್ ತಗೊಂಡ್ರ ನಮ್ಮ ಹುಡುಗಗ ನೌಕರಿ ಹತ್ತತೈತೇನ್ರಿ?”

ಹುಡುಗ ಕೋರ್ಸ್ ಮುಗಿಸುತ್ತಾನೆ. ಬೆಂಗಳೂರು, ಪುಣೆಯ ಕಂಪನಿಗಳ ಜಾಹೀರಾತು ನೋಡಿದರೆ ಅಲ್ಲಿ ಬೇರೆಯದೇ ಷರತ್ತು: ಎರಡು ವರ್ಷದ ಅನುಭವ ಕಡ್ಡಾಯ. ಸರ್ಟಿಫಿಕೇಟ್ ದೊಡ್ಡದೋ ಅನುಭವ ದೊಡ್ಡದೋ ಎಂಬ ಚರ್ಚೆ ಐಟಿ ವಲಯದಲ್ಲಿ ಬಹಳ ಹಳೆಯದು. ಆದರೆ ನಮ್ಮ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಆ ಚರ್ಚೆ ಅರ್ಧಕ್ಕೇ ನಿಂತಿದೆ ಎನ್ನುವುದು ನನ್ನ ಭಾವನೆ. ಇಲ್ಲಿ ಸರ್ಟಿಫಿಕೇಟ್ ದುಡ್ಡು ಕೊಟ್ಟರೆ ಸಿಗುತ್ತದೆ. ಅನುಭವ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಮಕ್ಕಳು ಸರ್ಟಿಫಿಕೇಟಿನ ಹಿಂದೆ ಬಿದ್ದಿದ್ದಾರೆ ಎಂದು ಬೈಯುವ ಮೊದಲು, ಅವರ ಮುಂದೆ ಇನ್ನೇನನ್ನು ಇಟ್ಟಿದ್ದೇವೆ ಎಂದು ನಾವು ಕೇಳಿಕೊಳ್ಳಬೇಕು.

ಟ್ಯಾಲಿಯನ್ನೇ ತೆಗೆದುಕೊಳ್ಳೋಣ. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಆರಂಭಿಸಿದ, ಬೆಂಗಳೂರಿನಲ್ಲಿ ನೆಲೆ ನಿಂತ ಈ ಸಾಫ್ಟ್‌ವೇರ್ ಕಲಿಸದ ಸೆಂಟರ್ ನಮ್ಮ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಕೋರ್ಸಿನಲ್ಲಿ ಎಫ್5 ಒತ್ತಿದರೆ ಪೇಮೆಂಟ್, ಎಫ್6 ರಸೀದಿ, ಎಫ್7 ಜರ್ನಲ್, ಎಫ್8 ಮಾರಾಟ, ಎಫ್9 ಖರೀದಿ ಎಂದು ಕಲಿಸುತ್ತಾರೆ. ಹುಡುಗ ಚುರುಕಾಗಿ ಕಲಿಯುತ್ತಾನೆ. ನಂತರ ಅವನನ್ನು ಸಿಂದಗಿಯ ಅಡತ ಅಂಗಡಿಯೊಂದರಲ್ಲಿ ಕೂರಿಸಿ ನೋಡಿ. ಮಾಲೀಕ ಕೇಳುತ್ತಾನೆ: “ತಮ್ಮಾ, ಕೋರ್ಸ್ ಮಾಡೀಯಂತ ಗೊತ್ತಾತು. ಪಟ್ಟಿ ಬರಿಯಾಕ ಬರತೈತೇನು?”

ಬಿತ್ತನೆ ಹೊತ್ತಿನಲ್ಲಿ ಮುಂಗಡ ಒಯ್ದ ರೈತ ಈಗ ಹತ್ತಿ ತಂದಿದ್ದಾನೆ. ಅರ್ಧ ಹಣ ಇಂದು ನಗದಾಗಿ ಬೇಕು, ಉಳಿದದ್ದು ಮುಂದಿನ ವಾರ ಮಗಳ ಖಾತೆಗೆ ಹೋಗಬೇಕು. ಇದರ ಮೇಲೆ ತೆರಿಗೆಯ ಲೆಕ್ಕ. ರೈತನಿಂದ ಕಚ್ಚಾ ಹತ್ತಿ ಕೊಂಡರೆ ಜಿಎಸ್‌ಟಿಯನ್ನು ಮಾರಿದವನಲ್ಲ, ನೋಂದಾಯಿತ ಖರೀದಿದಾರನೇ ಕಟ್ಟಬೇಕು. 2017ರ ನವೆಂಬರ್ 15ರಿಂದ ಇದೇ ನಿಯಮ. ಪಕ್ಕದ ಅಂಗಡಿಗೆ ಬಂದ ತೊಗರಿ ಕಾಳಿಗೆ ತೆರಿಗೆಯೇ ಇಲ್ಲ. ಅದೇ ತೊಗರಿ ಬೇಳೆಯಾಗಿ, 25 ಕಿಲೋವರೆಗಿನ ಲೇಬಲ್ ಹಚ್ಚಿದ ಚೀಲದಲ್ಲಿ ಹೊರಬಿದ್ದರೆ 2022ರ ಜುಲೈ 18ರಿಂದ ಶೇ 5. ಹತ್ತಿಯ ಖರೀದಿಯನ್ನು ಹುಡುಗ ಎಫ್9 ಒತ್ತಿ ಸರಿಯಾಗಿಯೇ ನಮೂದಿಸುತ್ತಾನೆ. ತೆರಿಗೆ ಯಾರ ತಲೆಯ ಮೇಲೆ ಬೀಳುತ್ತದೆ ಎಂಬ ಪ್ರಶ್ನೆ ಅವನಿಗೆ ಹೊಳೆಯುವುದೇ ಇಲ್ಲ. ತಿಂಗಳ ರಿಟರ್ನ್ ಸಲ್ಲಿಸುವಾಗ ಲೆಕ್ಕ ತಾಳೆಯಾಗದೆ ನಿಂತಾಗಲೇ ತಪ್ಪು ಗೊತ್ತಾಗುವುದು.

ಅಲ್ಲೇ ಮೂಲೆಯಲ್ಲಿ ಮೂವತ್ತು ವರ್ಷ ಕಿರ್ದಿ, ಖತಾವಣಿ ಬರೆದ ಗುಮಾಸ್ತರು ಕುಳಿತಿರುತ್ತಾರೆ. ಅವರಿಗೆ ಕೀಬೋರ್ಡಿನ ಮೇಲೆ ಬೆರಳು ಓಡುವುದಿಲ್ಲ, ಆದರೆ ಪುಟದ ಮೇಲೆ ಕಣ್ಣಾಡಿಸಿದರೆ ಸಾಕು, ಯಾವ ರೈತನ ಬಾಕಿ ಯಾಕೆ ಹೆಚ್ಚು ಕಾಣುತ್ತಿದೆ ಎಂದು ಹೇಳಬಲ್ಲರು. ಹುಡುಗನಿಗೆ ಸರ್ಟಿಫಿಕೇಟ್ ಕೊಟ್ಟಿದ್ದು ಕೈಯ ಚುರುಕು. ಗುಮಾಸ್ತರಿಗೆ ವರ್ಷಗಳು ಕೊಟ್ಟಿದ್ದು ಅನುಮಾನಿಸುವ ಗುಣ. ಲೆಕ್ಕದ ಕೆಲಸಕ್ಕಾಗಲಿ ಐಟಿ ಕೆಲಸಕ್ಕಾಗಲಿ ಈ ಎರಡನೆಯದೇ ಮುಖ್ಯ ಬಂಡವಾಳ. ಸರ್ವರ್ ನಿಂತಾಗ ಪುಸ್ತಕದಲ್ಲಿ ಓದಿದವನು ಆಜ್ಞೆಗಳನ್ನು ನೆನಪಿಸಿಕೊಳ್ಳುತ್ತಾನೆ. ಕೆಲಸ ಮಾಡಿದವನು ‘ನಿನ್ನೆ ರಾತ್ರಿ ಯಾರು ಏನು ಬದಲಿಸಿದರು?’ ಎಂದು ಮೊದಲು ಕೇಳುತ್ತಾನೆ.

ಇದಕ್ಕೆ ನಮ್ಮ ತಹಶೀಲ್ದಾರ್ ಕಚೇರಿಗಳಲ್ಲೇ ದೊಡ್ಡ ಪುರಾವೆ ಇದೆ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂತು. ಆಗ ಕಂದಾಯ ಇಲಾಖೆಯಲ್ಲಿದ್ದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಹೊಣೆ ಹೊತ್ತಿದ್ದರು. ಸಾಫ್ಟ್‌ವೇರ್ ಬರೆದದ್ದು ಎನ್‌ಐಸಿ. ಸುಮಾರು 9,000 ಗ್ರಾಮಲೆಕ್ಕಿಗರ, ಅಂದರೆ ನಮ್ಮ ಕಡೆಯ ತಲಾಠಿಗಳ, ದಫ್ತರಗಳಲ್ಲಿದ್ದ ಪಹಣಿಗಳೆಲ್ಲ ಕಂಪ್ಯೂಟರಿಗೆ ಹೋಗಬೇಕಿತ್ತು. 177 ತಾಲ್ಲೂಕು, ಸುಮಾರು 67 ಲಕ್ಷ ರೈತರು, ಸುಮಾರು 2 ಕೋಟಿ ಪಹಣಿ. ಹಿರಿಯರು ಇಂದಿಗೂ ಉತಾರ ಎನ್ನುವ ಆ ಕಾಗದ 15 ರೂಪಾಯಿಗೆ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಸಿಗತೊಡಗಿದ್ದು ಆಗ.

ದತ್ತಾಂಶ ತುಂಬುವ ಕೆಲಸವನ್ನು ಖಾಸಗಿ ಏಜೆನ್ಸಿಗಳಿಗೆ ಕೊಡಲಾಗಿತ್ತು. ಅವರು ಕಂಪ್ಯೂಟರ್ ಬಲ್ಲವರು, ಊರನ್ನು ಬಲ್ಲವರಲ್ಲ. ಅವರು ತುಂಬಿದ್ದನ್ನು ಮೂಲ ದಾಖಲೆಯೊಂದಿಗೆ ತಾಳೆ ನೋಡಿದವರು ತಲಾಠಿಗಳು. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ನಮ್ಮಲ್ಲಿ ಹೆಸರಿನ ಮುಂದೆ ತಂದೆಯ ಹೆಸರು ಬರುತ್ತದೆ, ಮೊಮ್ಮಗನಿಗೆ ಅಜ್ಜನ ಹೆಸರಿಡುತ್ತಾರೆ. ಬಸಪ್ಪನ ಮಗ ಶಿವಪ್ಪ, ಶಿವಪ್ಪನ ಮಗ ಮತ್ತೆ ಬಸಪ್ಪ. ‘ಶಿವಪ್ಪ ಬಸಪ್ಪ’ ಎಂಬುದು ‘ಬಸಪ್ಪ ಶಿವಪ್ಪ’ ಎಂದು ಟೈಪಾದರೆ ಹೊಲ ಅಪ್ಪನಿಂದ ಮಗನಿಗೆ ಹೋಯಿತು! ಎರಡೂ ಸರಿಯಾದ ಹೆಸರುಗಳೇ, ಇಬ್ಬರೂ ಆ ಮನೆಯವರೇ, ಯಾವ ಸಾಫ್ಟ್‌ವೇರೂ ಇದನ್ನು ತಪ್ಪೆನ್ನುವುದಿಲ್ಲ. ಊರಿನ ಮನೆತನಗಳನ್ನು ತಿಳಿದ ತಲಾಠಿ ಮಾತ್ರ ಬೆರಳಿಟ್ಟು ತೋರಿಸಬಲ್ಲ. 9ನೇ ಕಾಲಮ್ಮಿನ ಮಾಲೀಕತ್ವ, 11ನೇ ಕಾಲಮ್ಮಿನ ಬೋಜಾ (ಸಾಲದ ಹೊರೆ) ಅಂಥ ಕಣ್ಣಿಗೆ ಬೀಳದೆ ದಾಟಿಹೋದ ಕಡೆಯೆಲ್ಲ ರೈತರು ತಿದ್ದುಪಡಿಗಾಗಿ ಇಂದಿಗೂ ಅಲೆಯುತ್ತಿದ್ದಾರೆ.

ಭೂಮಿಯ ಕಿಂಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರಿಸಿದ್ದೂ ಗ್ರಾಮಲೆಕ್ಕಿಗರನ್ನೇ. ಬೆರಳಚ್ಚು ಕೊಟ್ಟು ಲಾಗಿನ್ ಆಗಬೇಕು, ಮಾಡಿದ ಪ್ರತಿ ಬದಲಾವಣೆಗೆ ಹೆಸರು ಹಿಡಿದು ಹೊಣೆ ಹೊರಬೇಕು. ಕಂಪ್ಯೂಟರ್ ಗೊತ್ತಿದ್ದವರಿಗೆ ಪಹಣಿ ಕಲಿಸುವ ಬದಲು ಪಹಣಿ ಗೊತ್ತಿದ್ದವರಿಗೆ ಕಂಪ್ಯೂಟರ್ ಕಲಿಸಲಾಯಿತು. ಕರ್ನಾಟಕದ ಆಡಳಿತ ಮಾಡಿದ ಅತ್ಯಂತ ಜಾಣ ನಿರ್ಧಾರಗಳಲ್ಲಿ ಇದೂ ಒಂದು ಎಂದು ನಾನು ನಂಬಿದ್ದೇನೆ.

ಹಾಗಾದರೆ ಸರ್ಟಿಫಿಕೇಟ್ ವ್ಯರ್ಥವೇ? ಖಂಡಿತ ಅಲ್ಲ. ಎಂಥ ಸರ್ಟಿಫಿಕೇಟ್ ಎಂದು ನೋಡಬೇಕು. 1990ರ ದಶಕದ ಕೊನೆಯಲ್ಲಿ ಮೈಕ್ರೋಸಾಫ್ಟ್‌ನ ಎಂಸಿಎಸ್‌ಇಗೆ ಜಗತ್ತಿನಾದ್ಯಂತ ಮುಗಿಬಿದ್ದರು. ಪ್ರಶ್ನೋತ್ತರ ಬಾಯಿಪಾಠ ಮಾಡಿ ಪಾಸಾದವರು ಎಷ್ಟು ಹೆಚ್ಚಿದರೆಂದರೆ ‘ಪೇಪರ್ ಎಂಸಿಎಸ್‌ಇ’ ಎಂಬ ಹೆಸರೇ ಹುಟ್ಟಿಕೊಂಡಿತು. 2021ರ ಜನವರಿಯ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸಿತು. ಆದರೆ ರೆಡ್ ಹ್ಯಾಟ್‌ನ ಆರ್‌ಎಚ್‌ಸಿಇ ಪರೀಕ್ಷೆಯಲ್ಲಿ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಮಾತೇ ಇಲ್ಲ. ಲಿನಕ್ಸ್ ಯಂತ್ರ ಕೊಡುತ್ತಾರೆ, ಹೇಳಿದ ಕೆಲಸವನ್ನು ಗಡುವಿನೊಳಗೆ ಮಾಡಿ ತೋರಿಸಬೇಕು. ಸೈಬರ್ ಭದ್ರತೆಯ ಸಿಐಎಸ್‌ಎಸ್‌ಪಿ ಇನ್ನೂ ಒಂದು ಹೆಜ್ಜೆ ಮುಂದೆ. ಪರೀಕ್ಷೆ ಪಾಸಾದರೂ ಸಾಮಾನ್ಯವಾಗಿ ಐದು ವರ್ಷದ ಕೆಲಸದ ಅನುಭವ ತೋರಿಸದೆ ಆ ಬಿರುದು ಸಿಗದು, ಅಲ್ಲಿಯವರೆಗೆ ‘ಅಸೋಸಿಯೇಟ್’ ಮಾತ್ರ.

ಕೆಲಸ ತೋರಿಸಿದ ಮೇಲೆಯೇ ಸರ್ಟಿಫಿಕೇಟ್ ಎಂಬುದು ನಮಗೆ ಹೊಸದೇನಲ್ಲ. ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 2,400 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರವಿದೆ. ಅಂಥ ಕಡೆ ಬೇಕಾಗುವ ಬಾಯ್ಲರ್ ಆಪರೇಷನ್ ಎಂಜಿನಿಯರ್ ಪ್ರಮಾಣಪತ್ರದ ಪರೀಕ್ಷೆಗೆ ಕೂರಬೇಕಾದರೆ ಬಾಯ್ಲರ್ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿರಬೇಕು. ಹಿಂದೆ ನಮ್ಮ ಊರುಗಳಲ್ಲಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟುಗಳನ್ನು ನೆನೆಯಿರಿ. ಜೂನಿಯರ್, ಸೀನಿಯರ್ ಪರೀಕ್ಷೆಯಲ್ಲಿ ಟೈಪಿಂಗ್ ಎಂದರೇನು ಎಂದು ಯಾರೂ ಕೇಳುತ್ತಿರಲಿಲ್ಲ. ಕಾಗದ ಏರಿಸಿ, ಗಡಿಯಾರ ನೋಡುತ್ತ, ಕೊಟ್ಟದ್ದನ್ನು ಹೊಡೆದು ತೋರಿಸಬೇಕಿತ್ತು. ಆ ಸರ್ಟಿಫಿಕೇಟ್ ಹಿಡಿದು ಬಂದವರಿಗೆ ಕೋರ್ಟು, ಕಚೇರಿಗಳಲ್ಲಿ ಮರುದಿನವೇ ಕೆಲಸ ಒಪ್ಪಿಸಬಹುದಿತ್ತು. ಇಂದಿನ ಎಷ್ಟೋ ಕಂಪ್ಯೂಟರ್ ಕೋರ್ಸುಗಳಿಗೆ ಆ ಗುಣವಿಲ್ಲ.

ಅನುಭವವೇ ಸರ್ವಸ್ವ ಎನ್ನುವವರಿಗೂ ಒಂದು ಮಾತು. ಮುದ್ದೇಬಿಹಾಳದ ಹಳ್ಳಿಯ ಹುಡುಗಿಗೆ ಬೆಂಗಳೂರಿನಲ್ಲಿ ಪರಿಚಯದವರಿಲ್ಲ. ಕಂಪನಿಯಲ್ಲಿ ಮಾವ ಇಲ್ಲ, ಆರು ತಿಂಗಳು ಸಂಬಳವಿಲ್ಲದೆ ಇಂಟರ್ನ್‌ಶಿಪ್ ಮಾಡಲು ಪಿಜಿಗೆ ಕಟ್ಟುವ ಶಕ್ತಿ ಇಲ್ಲ. ಮೊದಲ ಅನುಭವ ಎಂಬುದು ಬಹುಪಾಲು ಪರಿಚಯದಿಂದಲೇ ಸಿಗುವಂಥದ್ದು. ಅವಳ ಪರವಾಗಿ ಸಾಕ್ಷಿ ಹೇಳಲು ಇರುವುದು ಒಂದು ಪ್ರಮಾಣಪತ್ರ ಮಾತ್ರ. ಅದನ್ನು ಬದಿಗೆ ಸರಿಸಿ ‘ಅನುಭವ ಇದೆಯೇ?’ ಎಂದು ಕೇಳುವುದು, ಗೊತ್ತಿದ್ದೋ ಗೊತ್ತಿಲ್ಲದೆಯೋ, ನಗರದ ಮಕ್ಕಳಿಗೆ ಮೀಸಲಾತಿ ಕೊಟ್ಟಂತೆ. ದುಡ್ಡಿಗೆ ಸುಳ್ಳು ಅನುಭವಪತ್ರ ಬರೆದುಕೊಡುವವರು ಹುಟ್ಟಿಕೊಂಡದ್ದೂ ಈ ಇಕ್ಕಟ್ಟಿನಿಂದಲೇ.

ಇದರ ಇನ್ನೊಂದು ಮಗ್ಗುಲು ಯಾರ ಕಣ್ಣಿಗೂ ಬೀಳುತ್ತಿಲ್ಲ. ಅನುಭವವಿದ್ದೂ ಪ್ರಮಾಣಪತ್ರವಿಲ್ಲದವರು. ಗ್ರಾಮ ಪಂಚಾಯಿತಿಗಳ ಕಂಪ್ಯೂಟರ್ ಆಪರೇಟರುಗಳನ್ನು ನೋಡಿ. ಪಂಚತಂತ್ರ, ಇ-ಸ್ವತ್ತು, ಉದ್ಯೋಗ ಖಾತ್ರಿಯ ಕೂಲಿ ಪಟ್ಟಿ, ಎಲ್ಲವೂ ಅವರ ಕೈಯಲ್ಲೇ. ಕರೆಂಟ್ ಹೋಗುತ್ತದೆ, ಸರ್ವರ್ ಕೈಕೊಡುತ್ತದೆ, ಎದುರಿಗೆ ಮೂರು ದಿನದಿಂದ ತಿರುಗುತ್ತಿರುವ ಮುದುಕಿ ಕುಳಿತಿದ್ದಾಳೆ: “ಯಪ್ಪಾ, ಇವತ್ತರೆ ಆಕ್ಕೈತೇನು?” ಅಂಥ ಹೊತ್ತಿನಲ್ಲಿ ತಾಳ್ಮೆ ಕೆಡದೆ ದಾರಿ ಹುಡುಕುವವರು ಅವರು. ದೊಡ್ಡ ಕಂಪನಿಗಳಲ್ಲಿ ಇದೇ ಕೆಲಸಕ್ಕೆ ಸಪೋರ್ಟ್ ಎಂಜಿನಿಯರ್ ಎನ್ನುತ್ತಾರೆ. ಆದರೆ ಹತ್ತು ವರ್ಷದ ಈ ದುಡಿಮೆ ಹೊರಗಡೆ ಅರ್ಜಿಯ ಯಾವ ಕಾಲಮ್ಮಿಗೂ ಹೊಂದುವುದಿಲ್ಲ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಕೆಲಸ ಮಾಡುತ್ತಲೇ ಕಲಿತದ್ದನ್ನು ಪರೀಕ್ಷಿಸಿ ಮಾನ್ಯ ಮಾಡುವ ಆರ್‌ಪಿಎಲ್ ಎಂಬ ದಾರಿ ಇದೆ. ನಮ್ಮ ಪಂಚಾಯಿತಿ ಆಪರೇಟರುಗಳಿಗೆ ಅದನ್ನು ತೆರೆದುಕೊಡುವ ಕೆಲಸವನ್ನು ಜಿಲ್ಲಾ ಪಂಚಾಯಿತಿ ಮಾಡಬಹುದು, ಮಾಡಬೇಕು.

ಹೊಸಬರಿಗೆ ಮೊದಲ ಅನುಭವ ಎಲ್ಲಿಂದ? ಉತ್ತರ ನಮ್ಮ ಊರಲ್ಲೇ ಇದೆ. 1961ರ ಅಪ್ರೆಂಟಿಸ್ ಕಾಯ್ದೆ ಇಂದಿಗೂ ಜೀವಂತವಾಗಿದೆ. ನಿಯಮದಂತೆ 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಅದಕ್ಕಿಂತ ಸಣ್ಣವು, ಕನಿಷ್ಠ ನಾಲ್ಕು ಜನರಿದ್ದರೆ, ಇಚ್ಛೆಯಂತೆ ತೆಗೆದುಕೊಳ್ಳಬಹುದು. ಇಂಡಿ ತಾಲ್ಲೂಕಿನ ಮರಗೂರಿನಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ, ಇಂಡಿಯಲ್ಲಿ ಲಿಂಬೆ ಅಭಿವೃದ್ಧಿ ಮಂಡಳಿ ಇದೆ, ಆಲಮಟ್ಟಿ ಅಣೆಕಟ್ಟು ಇದೆ, ಕೂಡಗಿ ಸ್ಥಾವರ ಇದೆ, ಎಪಿಎಂಸಿಗಳಿವೆ. ಇಲ್ಲೆಲ್ಲ ಕಂಪ್ಯೂಟರಿನ ಕೆಲಸವಿಲ್ಲದ ಕೋಣೆ ಇಲ್ಲ.

ಎಲ್ಲಕ್ಕಿಂತ ಹತ್ತಿರದ ಅವಕಾಶ ಹಳ್ಳಿಯ ಪಿಕೆಪಿಎಸ್, ಅಂದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶದ 63,000 ಇಂಥ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಕರ್ನಾಟಕದ ಸಂಘಗಳೂ ಅದರಲ್ಲಿವೆ. ಷೇರು, ಠೇವಣಿ, ಬೆಳೆಸಾಲ, ಗೊಬ್ಬರದ ದಾಸ್ತಾನು, ಹಳೆಯ ಲೆಡ್ಜರುಗಳ ಬಾಕಿ ಎಲ್ಲ ಹೊಸ ಸಾಫ್ಟ್‌ವೇರಿಗೆ ಹೋಗಬೇಕು. ರಾಜ್ಯದಲ್ಲಿ ಬಡ್ಡಿಯಿಲ್ಲದ ಬೆಳೆಸಾಲದ ಮಿತಿ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿದೆ. ಕಟ್ಟುವ ಗಡುವು ತಪ್ಪಿದರೆ ಆ ರಿಯಾಯಿತಿಯೂ ತಪ್ಪುತ್ತದೆ. ಒಂದು ತಾರೀಖು ತಪ್ಪಾಗಿ ಬಿದ್ದರೆ ಹೊರೆ ರೈತನಿಗೆ. ಭೂಮಿ ಯೋಜನೆಯ ಹೊತ್ತಿನ ಶಿವಪ್ಪ, ಬಸಪ್ಪರ ಕಥೆ ಇಲ್ಲಿ ಮರುಕಳಿಸಬಾರದೆಂದರೆ ಲೆಡ್ಜರ್ ಬಲ್ಲ ಕಾರ್ಯದರ್ಶಿ ಮತ್ತು ಕಂಪ್ಯೂಟರ್ ಕಲಿತ ಹುಡುಗ ಅಥವಾ ಹುಡುಗಿ ಒಂದೇ ಮೇಜಿನ ಮುಂದೆ ಕೂರಬೇಕು. ವರ್ಷ ಕಳೆಯುವಷ್ಟರಲ್ಲಿ ಸಂಘಕ್ಕೆ ಸರಿಯಾದ ಲೆಕ್ಕ ಸಿಗುತ್ತದೆ, ಆ ಮಕ್ಕಳಿಗೆ ಯಾವ ಸಂದರ್ಶನದಲ್ಲೂ ಧೈರ್ಯವಾಗಿ ಹೇಳಿಕೊಳ್ಳುವಂಥ ಕೆಲಸ ಸಿಗುತ್ತದೆ.

ಫೀ ಕಟ್ಟಲು ಹೊರಟ ತಂದೆತಾಯಂದಿರು ಸೆಂಟರಿನವರನ್ನು ಒಂದು ಮಾತು ಕೇಳಲಿ: ಪರೀಕ್ಷೆಯಲ್ಲಿ ನಮ್ಮ ಮಗು ಕೆಲಸ ಮಾಡಿ ತೋರಿಸಬೇಕೋ, ಬರೀ ಉತ್ತರಕ್ಕೆ ಗುರುತು ಹಾಕಬೇಕೋ? ನಾಲ್ಕೂ ತಾಲ್ಲೂಕುಗಳ ಸಹಕಾರಿ ಸಂಘಗಳ ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿಯೂ ಒಂದೇ. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿ: ನಿಮ್ಮ ಊರಿನ ಒಬ್ಬ ವಿದ್ಯಾರ್ಥಿಗೆ ಒಂದು ವರ್ಷ ನಿಮ್ಮ ಕಚೇರಿಯಲ್ಲಿ ಒಂದು ಕುರ್ಚಿ, ಒಂದು ಕಂಪ್ಯೂಟರ್, ತಿಂಗಳಿಗೊಂದಿಷ್ಟು ಗೌರವಧನ.