ನರಿ ನಿಜವಾಗಿ ಏನು ತಿನ್ನುತ್ತದೆ?

ನಮ್ಮ ಭಾಗದ ಕನ್ನಡ ಶಾಲೆಗಳಲ್ಲಿ ಚಿಕ್ಕ ಮಕ್ಕಳ ಕೈಗೆ ಸಿಗುವ ಪ್ರಾಣಿ ಪುಸ್ತಕಗಳು ಬಹುಪಾಲು ಕಥೆಗಳೇ. ನರಿ ಮೋಸ ಮಾಡುತ್ತದೆ, ಸಿಂಹ ದರ್ಬಾರು ನಡೆಸುತ್ತದೆ, ಮೊಸಳೆ ಕೋತಿಯ ಗುಂಡಿಗೆ ಕೇಳುತ್ತದೆ. ಇವು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಎರಡನೇ ತರಗತಿಯ ಹುಡುಗಿಯೊಬ್ಬಳು 'ನರಿ ನಿಜವಾಗಿ ಏನು ತಿನ್ನುತ್ತೆ?' ಎಂದು ಕೇಳಿದರೆ ತೋರಿಸಲು ನಮ್ಮಲ್ಲಿ ಕನ್ನಡ ಪುಸ್ತಕ ಎಲ್ಲಿದೆ? ಇಲಿ, ಏಡಿ, ಸತ್ತ ದನ, ಕಾಲಕ್ಕೆ ಯಲಚಿ ಹಣ್ಣು, ಎಲ್ಲವನ್ನೂ ತಿನ್ನುತ್ತದೆ. ಇದು ಮೋಸದ ಕಥೆಗಿಂತ ಕಡಿಮೆ ಸ್ವಾರಸ್ಯದ್ದಲ್ಲ.

ಕೃಷ್ಣಗಿರಿ ಜಿಲ್ಲೆಯವರಿಗೆ ಇದು ಬರೀ ಓದಿನ ಮಾತಲ್ಲ. ರಾಗಿ ಕೊಯ್ಲಿನ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಆನೆ ಹಿಂಡುಗಳು ಜವಳಗಿರಿ, ಡೆಂಕಣಿಕೋಟೆ, ಸಾನಮಾವು ಕಾಡುಗಳಿಗೆ ಬರುತ್ತವೆ. 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿ ಧಾಮ, 2022ರಲ್ಲಿ ಕಾವೇರಿ ದಕ್ಷಿಣ ಧಾಮ ಘೋಷಣೆಯಾದವು. ಆನೆಗೆ ರಾಜ್ಯದ ಗಡಿ ಗೊತ್ತಿಲ್ಲ. ಅದಕ್ಕೆ ಎರಡೂ ಕಡೆ ಒಂದೇ ಕಾಡು. ಆ ದಾರಿಯ ಅಂಚಿನ ಹಳ್ಳಿಗಳಿಂದಲೇ ನಮ್ಮ ಮಕ್ಕಳು ಬೆಳಗಿನ ಮಂಜಿನಲ್ಲಿ ಶಾಲೆಗೆ ನಡೆದು ಹೋಗುತ್ತಾರೆ. ಹಿಂಡನ್ನು ನಡೆಸುವುದು ಹಿರಿಯ ಹೆಣ್ಣಾನೆ, ಬೆಳೆದ ಗಂಡಾನೆ ಹೆಚ್ಚಾಗಿ ಒಂಟಿಯಾಗಿ ತಿರುಗುತ್ತದೆ, ಮರಿ ಜೊತೆಗಿದ್ದರೆ ತಾಯಿ ಸಹಿಸುವುದಿಲ್ಲ, ಅಂಗಾಲಿನ ಮೆತ್ತೆಯಿಂದಾಗಿ ಅಷ್ಟು ದೊಡ್ಡ ಪ್ರಾಣಿ ಸದ್ದಿಲ್ಲದೆ ಹತ್ತಿರ ಬಂದುಬಿಡಬಹುದು. ಇವೆಲ್ಲ ಆರು ವರ್ಷದ ಮಗುವಿಗೂ ಅರ್ಥವಾಗುವ ಸಂಗತಿಗಳು. ಮರಿ ಹುಟ್ಟುವ ಮೊದಲು ಸುಮಾರು 22 ತಿಂಗಳು ತಾಯಿಯ ಹೊಟ್ಟೆಯಲ್ಲಿರುತ್ತದೆ ಎಂದು ಹೇಳಿ ನೋಡಿ, ಮಗು ಕೂಡಲೇ ಬೆರಳು ಎಣಿಸಲು ಕೂರುತ್ತದೆ.

ಹಾವಿನ ವಿಷಯ ಇನ್ನೂ ಹತ್ತಿರದ್ದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕನ್ನು ಚಿತ್ರ ನೋಡಿ ಗುರುತಿಸಬಲ್ಲ ಮಗು ಮನೆಯ ದೊಡ್ಡವರಿಗೂ ಉಪಕಾರಿ. ಕೇರೆಹಾವು ಇಲಿ ಹಿಡಿದು ರೈತನ ಕಣಜ ಉಳಿಸುತ್ತದೆ. ಹಾವುರಾಣಿಗೆ ವಿಷವಿಲ್ಲ. 'ಎರಡು ತಲೆ ಹಾವು' ಎಂದು ಕರೆಯುವ ಮಣ್ಣುಮುಕ್ಕ ಹಾವಿಗೆ ಇರುವುದು ಒಂದೇ ತಲೆ, ಇನ್ನೊಂದು ಮೊಂಡು ಬಾಲ. ಅದನ್ನು ಲಕ್ಷಗಟ್ಟಲೆಗೆ ಮಾರುತ್ತೇವೆಂದು ಮೋಸ ಮಾಡುವವರೂ ಇದ್ದಾರೆ. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ ಎಂದು ಬರೆದ ಪುಸ್ತಕ ಮನೆಗೆ ಬಂದರೆ ಅಜ್ಜಿ ಒಪ್ಪದೇ ಇರಬಹುದು. ಒಪ್ಪದಿದ್ದರೂ ಚರ್ಚೆ ಕನ್ನಡದಲ್ಲೇ ನಡೆಯುತ್ತದಲ್ಲ!

ಕನ್ನಡಕ್ಕೆ ಈ ದಾರಿ ಹೊಸದಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ 'ಬಾಲ ಪ್ರಪಂಚ'ದ ಮೂರು ಸಂಪುಟ ಮಾಡಿದರು. ಕೆನೆತ್ ಆಂಡರ್ಸನ್ ನಮ್ಮ ಜವಳಗಿರಿಯ ಹುಲಿಯನ್ನೂ ಗುಮ್ಮಳಾಪುರದ ಚಿರತೆಯನ್ನೂ ಇಂಗ್ಲಿಷಿನಲ್ಲಿ ಲೋಕಕ್ಕೆ ಪರಿಚಯಿಸಿದ; ಆತನ ಬೇಟೆ ಅನುಭವಗಳನ್ನು ತೇಜಸ್ವಿ 'ಕಾಡಿನ ಕಥೆಗಳು' ಮಾಲೆಯಲ್ಲಿ ಕನ್ನಡಕ್ಕೆ ತಂದರು. ಆದರೆ ಅವು ಹೈಸ್ಕೂಲಿನವರಿಗೆ. ಈಗತಾನೇ ಒತ್ತಕ್ಷರ ಕೂಡಿಸಿ ಓದುವ ಮಗುವಿಗೆ ಪುಟಕ್ಕೆ ಎರಡು ಸಾಲಿನ ಪುಸ್ತಕ ಬೇಕು. ತಮಿಳು, ಇಂಗ್ಲಿಷ್, ಕನ್ನಡ ಎಂದು ಮೂರು ಲಿಪಿಗಳನ್ನು ಒಟ್ಟಿಗೆ ಕಲಿಯುವ ನಮ್ಮ ಮಕ್ಕಳಿಗಂತೂ ಇದು ಹೆಚ್ಚು ಬೇಕು. ಅಂಗಡಿಯಲ್ಲಿ ಬಣ್ಣಬಣ್ಣದ ಪ್ರಾಣಿ ಪುಸ್ತಕವೆಲ್ಲ ಇಂಗ್ಲಿಷಿನಲ್ಲೇ ಇದ್ದರೆ, ಗೊತ್ತಿರುವ ಸಂಗತಿಗೆಲ್ಲ ಇಂಗ್ಲಿಷೇ ಭಾಷೆ, ಕನ್ನಡ ಕಥೆ ಹೇಳಲು ಮಾತ್ರ ಎಂದು ಮಗು ತಾನೇ ತೀರ್ಮಾನಿಸಿಬಿಡುತ್ತದೆ.

ಸಿಗುವ ಕೆಲವು ಅನುವಾದಗಳ ಬಗ್ಗೆಯೂ ಒಂದು ಮಾತು. ಒಂದನೇ ತರಗತಿಗೆ 'ಸಸ್ತನಿ', 'ಉಭಯಚರ', 'ಸರೀಸೃಪ' ಯಾಕೆ? 'ಮರಿಗೆ ಹಾಲು ಕೊಡುವ ಪ್ರಾಣಿ' ಎಂದರೆ ಸಾಲದೇ? ಹಿಮಕರಡಿ, ಪೆಂಗ್ವಿನ್ ಇರಲಿ, ಆದರೆ ಮೊದಲು ಓತಿಕ್ಯಾತ, ಮುಂಗುಸಿ, ಗೂಬೆ ಬರಲಿ.

ದುಡ್ಡಿಲ್ಲ ಎನ್ನುವುದು ಅರ್ಧ ನಿಜ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯ ಮಾಲೆ ಕನ್ನಡದಲ್ಲೂ ಕಡಿಮೆ ಬೆಲೆಗೆ ಬಂದಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡ ಪುಸ್ತಕಗಳನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಿಕೊಳ್ಳಬಹುದು. ಹೊಸೂರಿನಿಂದ ಬೆಂಗಳೂರು ಸುಮಾರು 40 ಕಿಲೋಮೀಟರ್. ಕೆಲಸಕ್ಕೆಂದು ದಿನವೂ ಹೋಗಿಬರುವ ಅಪ್ಪಂದಿರು ನಮ್ಮಲ್ಲಿ ಎಷ್ಟೊಂದು ಜನ.

ಇನ್ನು ಸಂಘಟನೆಗಳಿಗೆ. ಆನೆ ಬರುವ ನವೆಂಬರಿನಲ್ಲೇ ರಾಜ್ಯೋತ್ಸವವೂ ಬರುತ್ತದೆ. ವೇದಿಕೆ, ಶಾಲು, ಹಾರ, ಮೈಕು ಎಲ್ಲಕ್ಕೂ ಹಣ ಹೊಂದುತ್ತದೆ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ ಕಾರ್ಯಕ್ರಮಕ್ಕೆಂದು ಅರ್ಜಿ ಹಾಕುವವರು ಪುಸ್ತಕಕ್ಕೂ ಒಂದು ಅರ್ಜಿ ಹಾಕಲಿ. ಈ ವರ್ಷ ಚಂದಾ ಕೇಳಲು ಬಂದವರನ್ನು ಕೂರಿಸಿ, ಕಾಫಿ ಕೊಟ್ಟು, ಒಂದರಿಂದ ಮೂರನೇ ತರಗತಿಯ ಪುಸ್ತಕಕ್ಕೆ ಇದರಲ್ಲಿ ಎಷ್ಟು ಎಂದು ಕೇಳಿ. ಲೆಕ್ಕ ಹೇಳಿದ ಮೇಲೆ ಚಂದಾ ಕೊಡಿ.